ಪಟ್ಟದ ಹೋರಿಯ ಮುಂದೆ ಮಾವನ ಕಾದಂಬರಿ

ನಮ್ಮ ಮಾವ ಕಾಳಿಯಪ್ಪನ್ ಅವರಿಗೆ ಓದಲು ಬರೆಯಲು ಬರುವುದಿಲ್ಲ. ಆದರೂ ಅವರು ಒಂದು ಕಾದಂಬರಿ ಬರೆದಿದ್ದಾರೆ. ಬಾಗಿಲಿನ ಆಚೆ ಅವರು, ಈಚೆ ನಾನು. ಹಾಗೆ ಬರೆದದ್ದು.

ತಮಿಳು ಸೀಮೆಯ ಕಂಬಂ ಪೇಟೆಯಿಂದ ಒಂದಿಷ್ಟು ನಡೆದರೆ ಸಿಗುವ ನಮ್ಮ ಊರಿನಲ್ಲಿ ಸೊಸೆ ಮಾವನ ಎದುರಿಗೆ ಕೂರುವಂತಿಲ್ಲ. ಆದ್ದರಿಂದ ಅವರು ಬೀದಿಯ ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತು ಕದಕ್ಕೆ ಕತೆ ಹೇಳುವರು. ನಾನು ಕದದ ಹಿಂದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬರೆದುಕೊಳ್ಳುವೆ. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಮುದುಕರು ತಮ್ಮ ಮನೆಯ ಬಾಗಿಲಿನೊಡನೆ ಜಗಳಕ್ಕೆ ನಿಂತ ಹಾಗೆ ಕಾಣುತ್ತಿತ್ತು. ಕತೆಯಲ್ಲಿ ಕಳ್ಳರು ಬಂದರೆ ಮಾವ ಕದವನ್ನು ಗುದ್ದುವರು. ಮಗು ಬೆಚ್ಚಿಬೀಳುವಳು. ಎಳೆಕೂಸುಗಳು ಹಾಗೆ ಬೆಚ್ಚಿದರೆ ಮುಂದೆ ತೊದಲು ಬರುತ್ತದೆ ಎಂದು ಎಲ್ಲೋ ಕೇಳಿದ್ದೆ. ಹಾಗಾಗಿ ಕಳ್ಳರು ಬರುವ ಸೂಚನೆ ಸಿಕ್ಕ ಕೂಡಲೇ ಒಂದು ಕೈಯಿಂದ ಮಗಳ ಕಿವಿ ಮುಚ್ಚಿಕೊಂಡೇ ಬರೆಯುತ್ತಿದ್ದೆ. ನನ್ನ ಹಸ್ತಪ್ರತಿಯಲ್ಲಿ ಕಳ್ಳರ ಅಧ್ಯಾಯಗಳೆಲ್ಲ ಸೊಟ್ಟಗಿವೆ.

ಬರೆಯಲು ನಾನೇ ಏಕೆ ಬೇಕಾಯಿತೆಂದರೆ, ಇಲ್ಲಿ ನಮ್ಮವರೆಲ್ಲರ ಬಾಯಲ್ಲಿ ಕನ್ನಡವಿದೆ, ಯಾರ ಕೈಯಲ್ಲೂ ಇಲ್ಲ. ಮನೆಯಲ್ಲಿ ಕನ್ನಡ ಆಡುತ್ತಾರೆ, ಬರೆಯುವುದು ಬಂದರೆ ತಮಿಳಿನಲ್ಲಿ ಬರೆಯುತ್ತಾರೆ. ನನ್ನ ಅಜ್ಜ ದಂಡಿನ ಎತ್ತುಗಳ ಹಿಂದೆ ಈ ಕಣಿವೆ ಬಿಟ್ಟು ಬೆಂಗಳೂರಿಗೆ ಹೋದವರು. ನಾನು ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಷರ ಕಲಿತು, ಮದುವೆಯಾಗಿ ತಿರುಗಿ ಇಲ್ಲಿಗೇ ಬಂದೆ. ನನ್ನ ಯಜಮಾನರು ಬೆಟ್ಟದ ಮೇಲೆ ಪೆರಿಯಾರ್ ಅಣೆಯ ಕೆಲಸಕ್ಕೆ ಸುಣ್ಣ ಸಾಗಿಸುವ ಬಂಡಿಗಳ ಜೊತೆ ಹೋಗಿದ್ದರು. ಅಲ್ಲಿ ಕಾಡುಜ್ವರವಂತೆ ಎಂಬ ಸುದ್ದಿ ದಿನವೂ ಇಳಿದು ಬರುತ್ತಿತ್ತು, ಅವರು ಮಾತ್ರ ಬರುತ್ತಿರಲಿಲ್ಲ. ನಾನು ಆ ಯೋಚನೆಯಲ್ಲಿ ಮಗುವಿನ ಹಣೆಯನ್ನು ಮುಟ್ಟಿ ಮುಟ್ಟಿ ನೋಡುತ್ತ ಕುಳಿತದ್ದನ್ನು ಕಂಡೇ ಮಾವ, "ಏನಾರ ಬರ್ಕೊಂಡಿರು ತಾಯೀ, ಕೈ ಸುಮ್ನಿದ್ರೆ ಮನ್ಸು ಹಾಳು" ಎಂದು ಮೊದಲ ಸಾಲನ್ನು ಕದಕ್ಕೆ ಹೇಳಿದರು.

ಮಾವ ಬಂಡಿ ಹೊಡೆಯುತ್ತಿದ್ದವರು. ಕಂಬಂನಿಂದ ಬತ್ತಲಗುಂಡಿನ ಮೇಲೆ ಅಮ್ಮಯನಾಯಕ್ಕನೂರಿನ ರೈಲು ನಿಲ್ದಾಣದವರೆಗೆ ಸರಕು ಸಾಗಿಸುವ ಬಂಡಿಸಾಲಿನಲ್ಲಿ ಅವರದೇ ಮುಂದಿನ ಬಂಡಿ. ಹಿಂದಿನವರು ನಿದ್ದೆಗೆ ಬಿದ್ದು ಎತ್ತುಗಳು ದಾರಿ ತಪ್ಪಬಾರದೆಂದು ಇವರು ದಾರಿಯುದ್ದಕ್ಕೂ ಗಟ್ಟಿಯಾಗಿ ಕತೆ ಹೇಳಿಕೊಂಡು ಹೋಗಬೇಕು. ಬಂಡಿಯವರು ಅದಕ್ಕೆಂದೇ ಅವರನ್ನು ಮುಂದೆ ಬಿಡುತ್ತಿದ್ದರು. ಎರಡನೆಯ ಬಂಡಿಯ ವೇಲು ಎನ್ನುವವರು ಪ್ರತಿ ಸೇತುವೆಯ ಹತ್ತಿರವೂ "ಮುಂದೇನಾತು ಅಣ್ಣೇ?" ಎಂದು ಕೂಗುತ್ತಿದ್ದರಂತೆ. ವೇಲು ತೀರಿಹೋದರು. ಮಾವನ ಮೊಣಕಾಲೂ ಹೋಯಿತು. ಬಂಡಿ ಮಾರಿದರು. ಕತೆಯನ್ನು ಮಾರಲು ಸಂತೆ ಇರಲಿಲ್ಲ, ಅದು ಹೊಟ್ಟೆಯಲ್ಲೇ ಉಳಿಯಿತು.

ತಪ್ಪು ಆದದ್ದು ಎಲ್ಲಿ ಎಂದರೆ, ಕಾದಂಬರಿ ಎಂದರೆ ಹೇಗಿರುತ್ತದೆ ಎಂದು ಅವರು ಕೇಳಿದಾಗ ನಾನು ಶಾಲೆಯಲ್ಲಿ ಓದಿದ್ದನ್ನು ನೆನೆದು ಹೇಳಿಬಿಟ್ಟೆ: ಒಬ್ಬ ರಾಜಕುಮಾರ ಇರುತ್ತಾನೆ, ಒಬ್ಬಳು ಸುಂದರಿ ಇರುತ್ತಾಳೆ, ಪ್ರತಿ ಅಧ್ಯಾಯದ ಕೊನೆಗೂ ಅವರಿಗೆ ಕಷ್ಟ ಬರುತ್ತದೆ. ಮಾವ ಇದನ್ನು ಕಾಯಿದೆಯಂತೆ ಹಿಡಿದುಕೊಂಡರು. ಅವರ ಕಾದಂಬರಿಯಲ್ಲಿ ವಿಜಯರಂಗನೆಂಬ ರಾಜಕುಮಾರ, ಇಲ್ಲಿಯವರ ಮಾತಿನಲ್ಲಿ ಇಳವರಸ, ಬಂದ. ಎಂಟಂತಸ್ತಿನ ಅರಮನೆ ಬಂತು. ಮಾವ ಕಂಡಿರದ ಹೊಗೆಹಡಗು ಬಂತು. ಆ ಹಡಗು ಬತ್ತಲಗುಂಡಿನ ಸಂತೆಯ ಪಕ್ಕದಲ್ಲೇ ದಡ ಹತ್ತಿತು. ಸುಂದರಿ ಅಧ್ಯಾಯಕ್ಕೊಮ್ಮೆ ಮೂರ್ಛೆ ಹೋದಳು. ಒಂದೊಂದು ಸಲ ನನ್ನ ಮಗು ಅತ್ತಾಗ ಮಾವ ಕಾಯುವರು. ಕಾಯುವಷ್ಟು ಹೊತ್ತು ಸುಂದರಿಯೂ ಮೂರ್ಛೆಯಲ್ಲೇ ಇರುವಳು.

ಮಗುವಿನ ವಿಷಯ ಹೇಳಿಬಿಡಬೇಕು. ಅವಳ ಹೆಸರು ರಾಜಮ್ಮಾಳ್. ಇಷ್ಟು ಸಣ್ಣ ಜೀವಕ್ಕೆ ಅಷ್ಟು ದೊಡ್ಡ ಹೆಸರು ಭಾರವಾಗದೇ ಎಂದು ನನಗೆ ಇಂದಿಗೂ ಚಿಂತೆ. ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ತೊಟ್ಟಿಲು ತೂಗಿದರೂ ಇಲ್ಲ, ಬಜೆ ತೇಯ್ದು ನೆಕ್ಕಿಸಿದರೂ ಇಲ್ಲ. ಆದರೆ ವಿಜಯರಂಗನ ಕತೆ ಶುರುವಾಯಿತೋ, ಹಡಗು ದಡ ಸೇರುವ ಮೊದಲೇ ಅವಳಿಗೆ ಗಾಢನಿದ್ದೆ. ನಮ್ಮ ಅತ್ತೆ ಮೂಕಮ್ಮಾಳ್ ಅಡುಗೆಮನೆಯಿಂದಲೇ ಕೂಗುವರು:

"ಏನಮ್ಮಾ ಬೆಂಗಳೂರೂ, ಮನೆಯೇ ತಣ್ಣಗಾತು? ಇಳವರಸ ಬಂದ್ನಾ?"

ಹೆಸರು ಮೂಕಮ್ಮಾಳ್ ಎಂದಿಟ್ಟವರು ಅತ್ತೆ ಹುಟ್ಟಿದ ದಿನ ಮಾತ್ರ ಅವರನ್ನು ನೋಡಿರಬೇಕು.

ಕತೆ ಮುಗಿಯಿತು. ನಾನು ಬೆಂಗಳೂರಿನಲ್ಲಿರುವ ನನ್ನ ತಂದೆಗೆ ಬರೆದೆ, ಅವರು ತಮಗೆ ಗೊತ್ತಿದ್ದ ಒಬ್ಬ ಛಾಪಖಾನೆಯವರನ್ನು ಕೇಳಿದರು. ಛಾಪಖಾನೆಯವರ ಉತ್ತರ ವಿಚಿತ್ರವಾಗಿತ್ತು. ಹಿಂದೆ ಯಾವನೋ ಗ್ರಂಥಕರ್ತ ತನ್ನ ಪುಸ್ತಕ ಯಾರಿಗೂ ಬೇಡವಾದಾಗ ತಪ್ಪೆಲ್ಲ ಅಚ್ಚಿನದೆಂದು ಬೀದಿಯಲ್ಲಿ ನಿಂತು ಬೈದಿದ್ದನಂತೆ. ಅಂದಿನಿಂದ ಅವರು ಯಾರ ಹಸ್ತಪ್ರತಿಯನ್ನೂ ತಾವು ಓದುವುದಿಲ್ಲ. "ಗ್ರಂಥಕರ್ತನೇ ತನ್ನ ಕೃತಿಯನ್ನು ಪಕ್ಷಪಾತವಿಲ್ಲದೆ ಪರೀಕ್ಷಿಸಿ, ಇದು ಚೆನ್ನಾಗಿದೆ ಎಂದು ಪ್ರಮಾಣ ಮಾಡಿ ಕಳಿಸಲಿ. ಅಚ್ಚಿನ ಮೊಳೆ ಜೋಡಿಸುತ್ತೇವೆ."

ಬೇರೆ ಊರಿನಲ್ಲಾಗಿದ್ದರೆ ಇದೇನು ದೊಡ್ಡ ವಿಷಯ? ಒಂದು ಸಾಲು ಬರೆದು ಹೆಬ್ಬೆಟ್ಟು ಒತ್ತಿದರೆ ಆಯಿತು. ನಮ್ಮವರಲ್ಲಿ ಪ್ರಮಾಣ ಎಂದರೆ ಬಾಯಿಮಾತಲ್ಲ. ಊರಾಚೆ ಕಲ್ಲುಗೋಡೆಯ ದೊಡ್ಡಿಯಲ್ಲಿ ದೇವರ ದನಗಳಿವೆ. ಅವಕ್ಕೆ ನೊಗ ಹೂಡುವುದಿಲ್ಲ, ಕೋಲು ಎತ್ತುವುದಿಲ್ಲ. ಅವುಗಳಿಗೊಂದು ಪಟ್ಟದ ಹೋರಿ. ಹಳೆಯದು ಸತ್ತರೆ ಮಂದೆಯನ್ನೆಲ್ಲ ಕೂಡಿಸಿ, ಕರ್ಪೂರ ಹಚ್ಚಿ, ಮುಂದೆ ಕಬ್ಬು ಇಡುತ್ತಾರೆ. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಅರಿಸಿನ ಬಳಿದು ಪಟ್ಟ. ಪ್ರಮಾಣ ಮಾಡುವುದಾದರೆ ಆ ಹೋರಿಯ ಮುಂದೆ ಮಾಡಬೇಕು. ಅಲ್ಲಿ ಸುಳ್ಳು ಹೇಳಿದರೆ ಮಂದೆಗೆ ಬಾಯಿಬೇನೆ ಬರುತ್ತದೆ ಎಂದು ನಂಬಿಕೆ.

"ಹೊಲದ ಗಡಿ ಅಂದ್ರೆ ಕಣ್ಣಾರ ಕಂಡಿರ್ತೀನಿ, ಪ್ರಮಾಣ ಮಾಡ್ತೀನಿ," ಎಂದರು ಮಾವ ಕದಕ್ಕೆ. "ಈ ಕತೆ ಚೆಂದಾಗದೆ ಅಂತ ನಂಗೆ ಹೆಂಗೆ ಗೊತ್ತು? ದನಗಳಿಗೆ ಬೇನೆ ಬಂದ್ರೆ ಊರು ನನ್ನ ಬಿಟ್ಟೀತಾ?"

"ನಿಮಗೆ ಚೆನ್ನಾಗಿದೆ ಅನ್ನಿಸುತ್ತದೆಯೇ ಮಾವ?"

"ಹೆತ್ತವ್ಳು ತನ್ನ ಕೂಸು ಕಪ್ಪು ಅಂತ ಯಾವತ್ತಾದ್ರೂ ಹೇಳವ್ಳಾ? ನೀನೇ ಹೇಳು ತಾಯೀ."

ನಮ್ಮ ರಾಜಮ್ಮಾಳ್ ಕಪ್ಪಲ್ಲ. ಎಣ್ಣೆ ಹಚ್ಚಿದಾಗ ಹಾಗೆ ಕಾಣುತ್ತಾಳೆ, ಅಷ್ಟೆ. ಆದರೆ ಅವರು ಹೇಳಿದ್ದು ನನಗೆ ತಿಳಿಯಿತು. ಪುಸ್ತಕ ಅಚ್ಚಾಗಬೇಕೆಂಬ ಆಸೆ ಅವರಿಗೆ ಎಷ್ಟಿತ್ತೆಂದರೆ, ಕಾಗದದ ಕಟ್ಟನ್ನು ಬೆಳಿಗ್ಗೆ ಬಿಸಿಲಿಗಿಟ್ಟು ಸಂಜೆ ಒಳಗೆ ತರುತ್ತಿದ್ದರು, ಬೀಜದ ಜೋಳದ ಹಾಗೆ. ಅಷ್ಟು ಆಸೆಯಿದ್ದೂ ಒಂದು ಸುಳ್ಳು ಹೇಳಲಾರರು. ಹೇಳದಿದ್ದರೆ ಪುಸ್ತಕವಿಲ್ಲ.

ನನ್ನನ್ನು ಕೇಳಿದರು. ನಾನು ಏನು ಹೇಳಲಿ? ಕತೆ ಅಚ್ಚಿಗೆ ಹೋದರೆ ಕಾಗದವೂ ಹೋಗುತ್ತದೆ, ಕಾಗದ ಹೋದರೆ ಮಗುವಿನ ನಿದ್ದೆ ಹೋಗುತ್ತದೆ. ನಾನು ಪಕ್ಷಪಾತಿ ಎಂದು ಒಪ್ಪಿಕೊಂಡೆ. ಮಾವ ನಿಟ್ಟುಸಿರುಬಿಟ್ಟು ಕಾಗದದ ಕಟ್ಟನ್ನು ಹೆಗಲಿಗೆ ಹಾಕಿಕೊಂಡು, ಪರಿಚಯದವರ ಬಂಡಿ ಹತ್ತಿ ಬತ್ತಲಗುಂಡಿಗೆ ಹೊರಟರು. ಅಲ್ಲಿ ಬಂಡಿಗಳು ತಂಗುವ ಕೊಟ್ಟಿಗೆಯಲ್ಲಿ ಹಳೆಯ ಜೊತೆಗಾರರು ಸಿಗುತ್ತಾರೆ, ಅವರಿಗೆ ಬಾಯಲ್ಲೇ ಹೇಳಿ ನೋಡೋಣವೆಂದು.

ಹೋದಷ್ಟೇ ಬೇಗ ಕೆಂಡದಂಥ ಮುಖ ಹೊತ್ತು ತಿರುಗಿ ಬಂದರು.

"ಏನಂದ್ರು?" ಎಂದು ಅತ್ತೆ ಕೇಳಿದರು.

"ರೊಂಬ ಚೆಂದಾಗದೆ ಅಣ್ಣೇ ಅಂದ್ರು."

"ಒಳ್ಳೇದೇ ಆತಲ್ಲ!"

"ನಾನು ಇನ್ನೂ ಬಾಯೇ ಬಿಟ್ಟಿರ್ಲಿಲ್ಲ ಕಣೇ! ಕತೆ ಹೇಳ್ತೀನಿ ಅಂದೆ, ಅಷ್ಟಕ್ಕೇ ಚೆಂದಾಗದೆ ಅಂದ್ರು. ಆಮೇಲೆ ಹೇಳ್ದೆ. ಮುಗಿದ ಮೇಲೂ ಅದೇ ಮಾತು. ಮೊದ್ಲು ಹೇಳಿದ್ದು, ಆಮೇಲೆ ಹೇಳಿದ್ದು, ಕೂದಲೆಳೆಯಷ್ಟು ಯತ್ಯಾಸ ಇಲ್ಲ. ಪೊಯ್ಯಿ! ಎಲ್ಲಾ ಪೊಯ್ಯಿ! ದೊಡ್ಡವ್ನು ಅಂತ ಮರ್ಯಾದಿಗೆ ಸುಳ್ಳು ಹೇಳ್ತಾರೆ."

"ಮರ್ಯಾದಿ ಕೊಟ್ರೂ ಕೋಪ!"

"ಮರ್ಯಾದೀನ ಹೋರಿ ಮುಂದೆ ಇಡಾಕಾಗ್ತದಾ?"

ಆ ರಾತ್ರಿಯೆಲ್ಲ ಯೋಚಿಸಿದರೋ ಏನೋ, ಮರುದಿನ ಮಧ್ಯಾಹ್ನ ಮಾವ ಕದದ ಹತ್ತಿರ ಬಗ್ಗಿ ಪಿಸುಮಾತಿನಲ್ಲಿ ಹೇಳಿದರು: "ತಾಯೀ, ಯಾವನಾದ್ರೂ ದಾರಿಗ ಬರ್ಬೇಕು. ನಾನು ಯಾರು ಅಂತ ಗೊತ್ತಿರದವ. ಅಂಥವ ಜಗಲಿ ಮೇಲೆ ಕೂತು ಕೇಳ್ಬೇಕು. ಅವನ ಮಾತು ನಿಜ."

"ಅಂಥವರು ಎಲ್ಲಿ ಸಿಗುತ್ತಾರೆ ಮಾವ? ಈ ಕಣಿವೆಯಲ್ಲಿ ನೀವು ಯಾರಿಗೆ ಗೊತ್ತಿಲ್ಲ?"

"ಅದಕ್ಕೇ. ನಾನೇ ಬರ್ತೀನಿ."

ನಾನು ತಪ್ಪಾಗಿ ಕೇಳಿಸಿಕೊಂಡೆನೆಂದುಕೊಂಡೆ. ಮಗುವಿಗೆ ಹಲ್ಲು ಬರುವ ಕಾಲ, ನನಗೆ ನಿದ್ದೆ ಸಾಲದು. ಆದರೆ ಸ್ವಲ್ಪ ಹೊತ್ತಿಗೆ ಮಾವ ಹಿತ್ತಿಲ ಬಾಗಿಲಿನಿಂದ ಹೊರಟು, ಬೀದಿಯ ಆ ತುದಿಗೆ ಹೋಗಿ, ರುಮಾಲು ಬಿಚ್ಚಿ ನಿಲಕ್ಕೋಟ್ಟೈ ಕಡೆಯ ಹೂತೋಟದವರ ಹಾಗೆ ಅಗಲವಾಗಿ ಸುತ್ತಿಕೊಂಡು, ಕೋಲು ಊರಿಕೊಂಡು, ಊರನ್ನೇ ಮೊದಲ ಸಲ ನೋಡುವವರ ಹಾಗೆ ಅತ್ತಿತ್ತ ನೋಡುತ್ತ ನಮ್ಮ ಮನೆಯ ಮುಂದೆ ಬಂದು ನಿಂತರು.

"ಅಮ್ಮಾ, ದಾರಿ ಹೋಗವ ನಾನು. ಕುಡಿಯಾಕೆ ಏನಾರ ಸಿಕ್ಕೀತಾ?"

ಅತ್ತೆ ಹೊರಗೆ ಬಂದರು. ಈಗ ನಗುತ್ತಾರೆ, ಇಲ್ಲವೇ ಪೊರಕೆ ತೆಗೆಯುತ್ತಾರೆ ಎಂದು ನಾನು ಉಸಿರು ಹಿಡಿದು ಕದದ ಸಂದಿಯಿಂದ ನೋಡಿದೆ. ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಯಾವೂರು ಸಾಮೀ ನಿಮ್ದು?"

"ನಿಲಕ್ಕೋಟ್ಟೈ ತಾವ."

"ಮನೆಯಲ್ಲಿ ಗಂಡಸ್ರು ಇಲ್ಲ. ಪಾಪ್ಪಾವಿನ ತಾತ ಎಲ್ಲೋ ಹೋಗವ್ರೆ. ಆದ್ರೂ ದಾರಿಗರನ್ನ ಬಿಸ್ಲಲ್ಲಿ ನಿಲ್ಸಬಾರ್ದು. ಕೂತ್ಕಳ್ರಿ."

ಮಾವನಿಗೆ ದಿನವೂ ಮಣ್ಣಿನ ಕುಡಿಕೆಯಲ್ಲಿ ಬರುವ ಮಜ್ಜಿಗೆ ಈ ದಾರಿಗರಿಗೆ ಕಂಚಿನ ಲೋಟದಲ್ಲಿ ಬಂತು. ಶುಂಠಿ ಇತ್ತು, ಕರಿಬೇವು ಇತ್ತು. ದಾರಿಗರು ಲೋಟವನ್ನು ತಿರುಗಿಸಿ ತಿರುಗಿಸಿ ಒಳಕ್ಕೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಒಳಗೆ ಯಾರೋ ಓದುವ ಹಾಗೆ ಕೇಳುತ್ತಿದೆಯಲ್ಲ ಎಂದರು. ಅದು ನನಗೆ ಸನ್ನೆ. ನಾನು ಓದತೊಡಗಿದೆ. ರಾಜಮ್ಮಾಳ್ ಎಂದಿನಂತೆ ಕಣ್ಣು ಮುಚ್ಚಿದಳು. ಅರಮನೆ ಆಯಿತು, ಹಡಗು ಆಯಿತು, ಒಂದು ಮೂರ್ಛೆಯೂ ಆಯಿತು.

"ಯಾರ ಕತೆಯಮ್ಮಾ ಇದು?"

"ನಮ್ಮನೆಯವ್ರು ಕಟ್ಟಿದ್ದು."

"ಚೆಂದಾಗದಾ?"

ಅತ್ತೆ ಕಂಬದ ಮರೆಯಲ್ಲಿ ಕುಳಿತರು. "ನಿಜ ಹೇಳ್ಲಾ, ಪೊಯ್ಯಿ ಹೇಳ್ಲಾ?"

"ನಾನು ಹೋಗೋ ದಾರಿಗ. ನಿಜ ಹೇಳಿದ್ರೆ ನಿಮ್ಗೇನು ನಷ್ಟ?"

"ಅದೂ ಸರಿಯೇ. ಹಾಗಾದ್ರೆ ಕೇಳ್ರಿ." ಅತ್ತೆ ಕಾಲು ಚಾಚಿಕೊಂಡರು. "ಆ ಹುಡ್ಗಿ ಇದ್ದಾಳಲ್ಲ, ಯಾವಾಗ ನೋಡಿದ್ರೂ ಮೂರ್ಛೆ. ಎಚ್ಚರ ಇರೋವಾಗ ಅಳು. ಬಾಯಿಬಿಟ್ಟು ಒಂದು ಮಾತಿಲ್ಲ. ಅವ್ಳಿಗೆ ಬಾಯಿಲ್ವಾ ಸಾಮಿ? ಹೆಂಗಸ್ರು ಮಾತಾಡಾಕಿಲ್ಲ ಅಂತ ಇವ್ರಿಗೆ ಯಾರು ಹೇಳಿದ್ದು? ಈ ಮನೆಯಲ್ಲಿ ಉಂಡು ಮಲಗೋ ಮನುಷ್ಯನಿಗೆ ಆ ಯೋಚ್ನೆ ಹೆಂಗೆ ಬಂತು?"

ದಾರಿಗರು ಕೆಮ್ಮಿದರು.

"ಅರಮನೆ ಎಂಟಂತಸ್ತು. ಒಲೆ ಎಲ್ಲಿ? ನೀರು ಯಾರು ಹೊರ್ತಾರೆ ಎಂಟಂತಸ್ತಿಗೆ? ಇಳವರಸ ಶುರುವಿನಲ್ಲಿ ಕುದುರೆ ಹತ್ತಿದವ ಇಳಿಯಾದೇ ಇಲ್ಲ. ಒಂದು ದಿನ ಉಂಡಿಲ್ಲ, ಒಂದು ದಿನ ಹೊರಕಡೆಗೆ ಹೋಗಿಲ್ಲ. ಕೇಳೋರಿಗೆ ಹೊಟ್ಟೆನೋವು ಬರ್ತದೆ."

"ಹಾಗಾದ್ರೆ ಇಡೀ ಕತೆ ಕೆಟ್ಟದ್ದಾ?" ದಾರಿಗರ ಧ್ವನಿ ಸಣ್ಣಗಾಗಿತ್ತು.

ಅತ್ತೆ ನೆಲದ ಮೇಲೆ ಬೆರಳಿನಿಂದ ಏನೋ ಗೀಚಿದರು. "ಆ ಬೂದಿಬಣ್ಣದ ಮಯಿಲೆ ಎತ್ತಿಂದು ಕತೆ ಬರ್ತದಲ್ಲ ನಡುವೆ. ಅದು ಬೇರೆ. ಅದು ಕೇಳ್ದ ದಿನ ಸಾರಿಗೆ ಉಪ್ಪು ಹಾಕಾದು ಮರ್ತೆ. ಅವ್ರು ಉಣ್ಣುವಾಗ ಬೈದ್ರು. ಯಾಕೆ ಮರ್ತೆ ಅಂತ ಕೇಳ್ಲಿಲ್ಲ."

ದಾರಿಗರು ಲೋಟ ಕೆಳಗಿಟ್ಟು, ಕೋಲು ಮರೆತು, ಬೀದಿಯ ತುದಿಗೆ ನಡೆದುಹೋದರು. ಹಿತ್ತಿಲ ಬಾಗಿಲಿನಿಂದ ಮಾವ ಒಳಗೆ ಬಂದರು, ತಮ್ಮ ಹಳೆಯ ರುಮಾಲಿನಲ್ಲಿ.

"ಯಾವನೋ ಬಂದಿದ್ನಂತೆ?"

"ಹೂಂ. ನಿಲಕ್ಕೋಟ್ಟೈಯವ್ರು. ಒಳ್ಳೇ ಮನುಷ್ಯ. ಕೂತು ಕೇಳ್ತಾರೆ. ನಿಮ್ಮಂಗಲ್ಲ."

"ನಾನಿಲ್ದಾಗ ಕಂಡಕಂಡವ್ರಿಗೆಲ್ಲ ಕಂಚಿನ ಲೋಟ ಎತ್ತಬೇಡ!"

"ಲೋಟ ನಮ್ಮಪ್ಪನ ಮನೇದು," ಎಂದರು ಅತ್ತೆ.

ಮಾವ ಎರಡು ದಿನ ಆ ದಾರಿಗನನ್ನು ಬೈದರು. ತಿಳಿಯದವನು, ಮಡೆಯ, ಕಾದಂಬರಿಯ ಗಂಧವಿಲ್ಲದ ಹೂತೋಟದವನು ಎಂದರು. ಆದರೆ ದಾರಿಗ ಏನನ್ನೂ ಹೇಳಿರಲಿಲ್ಲ, ಹೇಳಿದವರು ಅತ್ತೆ. ಅತ್ತೆಯ ಮೇಲೆ ಕೋಪಿಸಿಕೊಳ್ಳುವಂತೆಯೂ ಇರಲಿಲ್ಲ. ಆ ಮಾತು ನಡೆದಾಗ ಮಾವ ಮನೆಯಲ್ಲಿರಲಿಲ್ಲವಲ್ಲ! ಕೊನೆಗೆ ಅವರು ಕದಕ್ಕೆ ಹೇಳಿದರು: "ಹೆಂಡ್ತಿ ಮಾತು. ಮೂವತ್ತು ವರ್ಷದ ಕೋಪ ಎಲ್ಲಾ ಸೇರಿರ್ತದೆ. ಸಾಕ್ಷಿಗೆ ನಿಲ್ಲಾಕಿಲ್ಲ. ನಾಳೆ ದೊಡ್ಡಿಗೆ ಹೋಗೋಣ. ನೀನು ಓದು. ಅಲ್ಲಿ ನನ್ನ ಬಾಯಿಗೆ ಏನು ಬರ್ತದೋ ಅದೇ ಪ್ರಮಾಣ."

ನಾನು ಮಗುವನ್ನು ಬಿಟ್ಟು ಹೋಗಲಾರೆ ಎಂದೆ. ಕರೆದುಕೊಂಡು ಬಾ ಎಂದರು. ದನದ ನೊಣ ಕಣ್ಣಿಗೆ ಕೂತರೆ ಎಂದೆ. ತೆಳುಬಟ್ಟೆ ಹೊದಿಸು ಎಂದರು. ಹೊದಿಸಿದರೆ ಉಸಿರು ಕಟ್ಟೀತು ಎಂದೆ. ಮಾವನ ಎದುರಿಗೆ, ಊರಿನ ಗಂಡಸರ ಎದುರಿಗೆ ಸೊಸೆ ಗಟ್ಟಿಯಾಗಿ ಬಾಯಿ ತೆರೆಯಬಹುದೇ ಎಂಬ ಕೊನೆಯ ನೆಪ ತೆಗೆದೆ. ಅದನ್ನು ಅತ್ತೆ ಒಂದೇ ಮಾತಿನಲ್ಲಿ ತೀರಿಸಿದರು: "ಬಾಯಿ ನಿಂದು, ಮಾತು ಅವ್ರದು. ತಪ್ಪು ಯಾರ್ದೂ ಅಲ್ಲ. ಹೊರಡು."

ದೊಡ್ಡಿಯನ್ನು ನೋಡಿಕೊಳ್ಳುವವರು ಮುತ್ತುಸಾಮಿ ಎಂಬ ಹಿರಿಯರು. ಗಡಿಜಗಳದ ಪ್ರಮಾಣ ನೋಡಿದವರು, ಮದುವೆಯ ಪ್ರಮಾಣ ನೋಡಿದವರು. ಕತೆಯ ಪ್ರಮಾಣ ಎಂದಾಗ ಅವರು ತಲೆ ಕೆರೆದುಕೊಂಡರು.

"ಕಾಳಿಯಪ್ಪಾ, ಎದುರಾಳಿ ಯಾರು?"

"ಎದುರಾಳಿ ಇಲ್ಲ. ನಾನೇ."

"ಕಳ್ಳತನ ಏನಾರ ಆಗಿದೆಯಾ?"

"ಇಲ್ಲ. ಈ ಕತೆ ಚೆಂದಾಗದಾ ಇಲ್ವಾ ಅಂತ."

"ಇದನ್ನ ಹೋರಿ ಕೇಳ್ಬೇಕಾ?"

"ಹೋರಿ ಮುಂದೆ ನಾನು ಕೇಳ್ಬೇಕು."

ಮುತ್ತುಸಾಮಿ ನಮ್ಮ ಮಾವನ ಮುಖವನ್ನೇ ನೋಡಿ, ಸರಿ, ಎಂದು ಕರ್ಪೂರ ಹಚ್ಚಿದರು. ನಾನು ಕಲ್ಲುಗೋಡೆಯ ಹೊರಗೆ ಹುಣಿಸೆಮರದ ನೆರಳಿನಲ್ಲಿ ಕುಳಿತು ಓದಲು ಶುರುಮಾಡಿದೆ. ಮಾವ ಕೈಕಟ್ಟಿ ಹೋರಿಯ ಮುಂದೆ ನಿಂತರು. ಅರಿಸಿನ ಬಳಿದ ಹಣೆಯ ಆ ದೊಡ್ಡ ಹೋರಿ ಮೊದಲು ಕಿವಿ ನಿಮಿರಿಸಿತು. ಮಾವನ ಬೆನ್ನೂ ನೆಟ್ಟಗಾಯಿತು.

ವಿಜಯರಂಗ ಕುದುರೆ ಏರಿದ. ರಾಜಮ್ಮಾಳ್ ನಿದ್ದೆಹೋದಳು. ಅರಮನೆಯ ಮೂರನೆಯ ಅಂತಸ್ತಿಗೆ ಬರುವಷ್ಟರಲ್ಲಿ ಮುದಿ ಹಸುವೊಂದು ಮೊಣಕಾಲು ಮಡಿಸಿತು. ಅದರ ಹಿಂದೆ ಇನ್ನೊಂದು. ಹಡಗು ಬತ್ತಲಗುಂಡಿಗೆ ಬಂದಾಗ ಮಂದೆಯೆಲ್ಲ ಮಲಗಿ ಮೆಲುಕು ಹಾಕುತ್ತಿತ್ತು. ಸುಂದರಿಯ ಮೂರ್ಛೆಯಲ್ಲಿ ಪಟ್ಟದ ಹೋರಿ ದೊಡ್ಡದೊಂದು ಉಸಿರುಬಿಟ್ಟು ತಾನೂ ಕುಳಿತುಬಿಟ್ಟಿತು. ಮುತ್ತುಸಾಮಿ ಕಂಬಕ್ಕೆ ಒರಗಿ ಗೊರಕೆ ಹೊಡೆಯತೊಡಗಿದರು. ನಮ್ಮ ಅತ್ತೆ ತಲೆಯ ಮೇಲೆ ಸೆರಗು ಹಾಕಿಕೊಂಡೇ ತೂಕಡಿಸಿದರು. ಓದುವ ನನಗೂ ಸಾಲುಗಳು ಒಂದರ ಮೇಲೊಂದು ಬಿದ್ದವು. ಎಚ್ಚರವಿದ್ದವರು ಮಾವ ಒಬ್ಬರೇ. ಬಂಡಿಯವರ ನಿದ್ದೆ ಕೆಡಿಸುವುದಕ್ಕೆಂದೇ ಕತೆ ಹೇಳಿ ಬಾಳಿದ ಮನುಷ್ಯ, ನಿದ್ದೆಹೋದ ಮಂದೆಯ ನಡುವೆ ಕೈಕಟ್ಟಿಕೊಂಡು ನಿಂತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿ ಓದಿಕೊಂಡೇ ಹೋದೆ.

ಹಾಗೆ ಮಯಿಲೆ ಎತ್ತಿನ ಅಧ್ಯಾಯ ಬಂತು. ವಿಜಯರಂಗನನ್ನು ಊರಿಂದೂರಿಗೆ ಸಾಗಿಸಲು ದಾರಿ ತೋಚದೆ ಮಾವ ಅವನನ್ನು ಒಂದು ಅಧ್ಯಾಯದ ಮಟ್ಟಿಗೆ ಬಂಡಿಕಾರನ ವೇಷದಲ್ಲಿ ಕಳಿಸಿದ್ದರು. ಬಂಡಿಕಾರ ತನ್ನ ಬೂದುಬಣ್ಣದ ಎತ್ತನ್ನು ದಿಂಡುಕ್ಕಲ್ಲಿನ ಸಂತೆಯಲ್ಲಿ ಮಾರಿರುತ್ತಾನೆ. ಮುಂದೊಂದು ಸಲ ಅದೇ ಎತ್ತು ಬೇರೊಬ್ಬನ ಬಂಡಿಗೆ ಹೂಡಿಕೊಂಡು ಅದೇ ಸಾಲಿನಲ್ಲಿ ಬರುತ್ತದೆ. ಬಂಡಿಕಾರ ಎಂದಿನಂತೆ ಕತೆ ಶುರುಮಾಡುತ್ತಾನೆ. ಆ ಧ್ವನಿ ಕೇಳಿದ ಕೂಡಲೇ ಎತ್ತು ನಿಂತುಬಿಡುತ್ತದೆ. ಹೊಸ ಯಜಮಾನ ಬಾರುಕೋಲು ಬೀಸುತ್ತಾನೆ. ಕತೆ ನಿಂತರೆ ಎತ್ತು ನಡೆಯುತ್ತದೆ, ಕತೆ ಹೇಳಿದರೆ ನಿಲ್ಲುತ್ತದೆ, ಏಟು ತಿನ್ನುತ್ತದೆ. ಬಂಡಿಕಾರ ಬಾಯಿ ಮುಚ್ಚಿಕೊಳ್ಳುತ್ತಾನೆ. ಹಿಂದಿನಿಂದ ಜೊತೆಗಾರ ಸೇತುವೆಗೊಮ್ಮೆ ಕೂಗುತ್ತಾನೆ, ಮುಂದೇನಾತು, ಮುಂದೇನಾತು ಎಂದು. ಇವನು ಉತ್ತರ ಕೊಡುವುದಿಲ್ಲ. ನಿಲ್ದಾಣದವರೆಗೂ ಕೊಡುವುದಿಲ್ಲ.

ಅಷ್ಟು ಓದಿ, ಮಗುವಿನ ಮುಖದ ನೊಣ ಓಡಿಸಲು ನಾನು ನಿಲ್ಲಿಸಿದೆ.

"ಆಮೇಲೆ?"

ಕೇಳಿದವರು ಮುತ್ತುಸಾಮಿ. ಗೊರಕೆ ಯಾವಾಗ ನಿಂತಿತ್ತೋ ನಾನು ಗಮನಿಸಿರಲಿಲ್ಲ. ಅವರ ಕಣ್ಣು ಪೂರ್ತಿ ತೆರೆದಿತ್ತು. "ಎತ್ತು ಏನಾತು? ಅವ ಬಾಯಿ ಬಿಟ್ನಾ ಇಲ್ವಾ? ಯಾಕಮ್ಮಾ ನಿಲ್ಸಿದೆ? ಮುಂದೇನಾತು?"

ಮಾವ ಒಮ್ಮೆಗೇ ತಿರುಗಿ ಅವರನ್ನು ನೋಡಿದರು. ಆಮೇಲೆ ಹೋರಿಯ ಕಡೆ ನೋಡಿದರು. ಹೋರಿ ಮೆಲುಕು ಹಾಕುತ್ತಲೇ ಇತ್ತು. ಅಷ್ಟರಲ್ಲಿ ರಾಜಮ್ಮಾಳ್ ಎದ್ದು ಕೂಗಿದಳು. ಇಷ್ಟು ದಿನದಲ್ಲಿ ನಾನು ಕಾದಂಬರಿ ಓದುವಾಗ ನಡುವೆ ಅವಳು ಎದ್ದದ್ದು ಅದೇ ಮೊದಲು. ಇರುವೆ ಕಚ್ಚಿತೋ ಎಂದು ನಾನು ಬಟ್ಟೆಯೆಲ್ಲ ಬಿಚ್ಚಿ ನೋಡಿದೆ. ಇರುವೆ ಇರಲಿಲ್ಲ.

ಮಾವ ಅಂಗೈಯನ್ನು ಕರ್ಪೂರದ ಉರಿಯ ಮೇಲೆ ಹಿಡಿದರು.

"ಸಾಮೀ, ಈ ಎತ್ತಿನ ಕತೆ ಚೆಂದಾಗದೆ. ಇದು ನಿಜ. ಉಳಿದದ್ದು..." ಬಿಸಿಲಿಗಿಟ್ಟು ಕಾಪಾಡಿದ ಕಟ್ಟು ನನ್ನ ತೊಡೆಯ ಮೇಲಿತ್ತು, ಅದರ ಕಡೆಗೊಮ್ಮೆ ನೋಡಿದರು. "ಉಳಿದದ್ದು ಚೆಂದಾಗಿಲ್ಲ."

"ಕೈ ತೆಗಿಯಪ್ಪಾ, ಸುಟ್ಟೀತು," ಎಂದರು ಮುತ್ತುಸಾಮಿ. "ಎತ್ತು ಏನಾತು, ಅದು ಹೇಳು."

ಮನೆ ಸೇರಿ, ನಾನು ಒಳಗೆ, ಮಾವ ಜಗಲಿಯ ಮೇಲೆ, ಕದ ನಡುವೆ ಬಂದ ಮೇಲೆಯೇ ಬಾಯಿ ತೆರೆದರು.

"ತಾಯೀ, ಆ ಅಧ್ಯಾಯ ಒಂದೇ ತೆಗೆದು ಬೇರೆ ಬರಿ. ಅದರೊಳಗಿಂದ ಇಳವರಸನ್ನ ಎತ್ತಿ ಆಚೆ ಹಾಕು."

"ಅವನ ಜಾಗದಲ್ಲಿ ಯಾರು ಮಾವ?"

"ಬಂಡಿಕಾರ."

"ಹೆಸರು?"

ಮಾವ ಕದಕ್ಕೆ ಇನ್ನಷ್ಟು ಹತ್ತಿರ ಸರಿದರು. "ಕಾಳಿಯಪ್ಪ ಅಂತ ಹಾಕು. ಹಿಂದೆ ಕೂಗವ ವೇಲು."

ಪ್ರಮಾಣಪತ್ರವನ್ನೂ ಅವರು ಹೇಳಿದಂತೆಯೇ ಬರೆದೆ: ದೊಡ್ಡದೊಂದು ಕಾದಂಬರಿ ಬರೆದೆ, ಪರೀಕ್ಷಿಸಿದೆ, ಇಷ್ಟು ಮಾತ್ರ ಚೆನ್ನಾಗಿದೆ, ಅದನ್ನು ಕಳಿಸಿದ್ದೇನೆ. ಅವರು ಹೆಬ್ಬೆಟ್ಟು ಒತ್ತಿದರು. ತೆಳ್ಳನೆಯ ಲಕೋಟೆ ಬಂಡಿ ಹತ್ತಿತು. ಮುಂದೆ ಛಾಪಖಾನೆಯವರು ಮಾತಿಗೆ ತಪ್ಪದೆ ಅಚ್ಚು ಮಾಡಿದರು. ಆದರೆ ಪುಸ್ತಕ ತೀರಾ ಸಣ್ಣದಾಯಿತೆಂದು, ಎತ್ತಿನ ವಿಷಯವೇ ಆದ್ದರಿಂದ, ದನಗಳ ಹೊಟ್ಟೆಯುಬ್ಬರಕ್ಕೆ ಮದ್ದು ಹೇಳುವ ಇನ್ನೊಂದು ಪುಸ್ತಿಕೆಯ ಜೊತೆ ಸೇರಿಸಿ ಹೊಲಿದಿದ್ದರು. ಮಾವ ಬೇಸರ ಮಾಡಿಕೊಳ್ಳಲಿಲ್ಲ. ಮದ್ದೂ ನಿಜವಾದದ್ದೇ ಎಂದು ಮುತ್ತುಸಾಮಿ ಹೇಳಿದ್ದರು.

ಎಂಟಂತಸ್ತಿನ ಅರಮನೆ, ಹಡಗು, ಮೂರ್ಛೆಗಳು ಎಲ್ಲ ಮನೆಯಲ್ಲೇ ಉಳಿದವು. ಅವು ಈಗ ನನ್ನ ಮಗಳ ಆಸ್ತಿ. ಇಂಥ ಕಾದಂಬರಿ ಕೇಳುತ್ತ ಬೆಳೆದರೆ ಮುಂದೆ ಅವಳೂ ಮಾತುಮಾತಿಗೆ ಮೂರ್ಛೆ ಬೀಳುವಳೇನೋ ಎಂಬ ಒಂದು ಭಯ ಬಿಟ್ಟರೆ ನನಗೆ ನೆಮ್ಮದಿಯಾಯಿತು.

ಆದರೆ ಆ ನೆಮ್ಮದಿಯೂ ಬಹಳ ದಿನ ಇರಲಿಲ್ಲ. ಲಕೋಟೆ ಹೋದ ವಾರದಲ್ಲೇ ಒಂದು ಮಧ್ಯಾಹ್ನ ಅತ್ತೆ ಕಂಚಿನ ಲೋಟವನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತ, ಯಾರಿಗೂ ಹೇಳದವರ ಹಾಗೆ ಹೇಳಿದರು: "ಆ ನಿಲಕ್ಕೋಟ್ಟೈಯವ್ರು ಈ ಕಡೆ ಬರ್ಲೇ ಇಲ್ಲ. ಕೋಲು ಬೇರೆ ಬಿಟ್ಟು ಹೋಗವ್ರೆ."

ಮಾವ ಕೇಳದವರ ಹಾಗೆ ಎದ್ದು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಬೀದಿಯ ತುದಿಯಿಂದ ಅಗಲ ರುಮಾಲಿನ ದಾರಿಗರು ನಡೆದು ಬಂದರು. ಅತ್ತೆ ಮಜ್ಜಿಗೆ ಕೊಟ್ಟರು. ಕಂಬದ ಮರೆಯಲ್ಲಿ ಕಾಲು ಚಾಚಿ ಕುಳಿತರು.

"ಇವತ್ತು ಓದು ಇಲ್ವಾ ಅಮ್ಮಾ?"

"ಅವ್ರ ಕತೆ ಬೆಂಗಳೂರಿಗೆ ಹೋತು. ನಂದು ಒಂದು ಅದೆ, ಕೇಳ್ತೀರಾ? ನಮ್ಮಪ್ಪ ನಂಗೆ ಇಬ್ರು ಗಂಡುಗಳನ್ನ ನೋಡಿದ್ರು. ಒಬ್ಬ ಬಂಡಿಕಾರ, ಬರೀ ಬಾಯಿ. ಇನ್ನೊಬ್ಬ..." ಅತ್ತೆ ಅಲ್ಲಿಗೆ ನಿಲ್ಲಿಸಿ ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು, ಸಾವಕಾಶವಾಗಿ, ಪ್ರತಿ ಎಲೆಯ ನರ ತೆಗೆದು.

ದಾರಿಗರ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

"ಯಾರಮ್ಮಾ ಇನ್ನೊಬ್ಬ? ಮುಂದೇನಾತು?"

ನಾನು ಮಸಿಕುಡಿಕೆ ಹತ್ತಿರಕ್ಕೆಳೆದುಕೊಂಡೆ. ತೊಡೆಯ ಮೇಲೆ ರಾಜಮ್ಮಾಳ್ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕದದ ಕಡೆಗೇ ನೋಡುತ್ತಿದ್ದಳು. ಅವಳು ಇವತ್ತು ಮಲಗುವ ಹಾಗಿರಲಿಲ್ಲ.